ಒಂದೇ ತೋಳಿನ ಸ್ವೆಟರ್

ನಾನು ಚಿಕ್ಕವನಿದ್ದಾಗ ಒಂದು ಬೆಳಿಗ್ಗೆ ಹೊಗೆಸೊಪ್ಪು ಒಣಗಿಸುವ ನಮ್ಮ ಬ್ಯಾರನ್ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಎಡಗೈಯನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದೆ. ಶಿವರಾತ್ರಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು, ನನ್ನ ಪಾದದವರೆಗೆ ಬಂದಿರಲಿಲ್ಲ. ಇದು ಖಚಿತವಾಗಿ ನೆನಪಿದೆ, ಏಕೆಂದರೆ ಕಾಲು ತಣ್ಣಗಿತ್ತು, ಮೈ ಬೆಚ್ಚಗಿತ್ತು. ಮೈಮೇಲೆ ಸ್ವೆಟರ್ ಇತ್ತು, ನನ್ನ ಬದುಕಿನ ಮೊದಲ ಸ್ವೆಟರ್. ಆ ಬೆಳಿಗ್ಗೆ ನಡೆದದ್ದನ್ನು ಹೇಳಲು ಹೊರಟಾಗಲೆಲ್ಲ ಜನ ಅರ್ಧದಲ್ಲೇ ನಕ್ಕುಬಿಡುತ್ತಾರೆ. ನಕ್ಕರೆ ತಪ್ಪಿಲ್ಲ, ನಾವೂ ನಕ್ಕೆವು. ಆದರೆ ನಗುವುದಕ್ಕೆ ಮೊದಲು ನಮ್ಮೆಲ್ಲರ ಎದೆ ನಡುಗಿದ್ದೂ ನಿಜ. ಎರಡನ್ನೂ ಇದ್ದ ಹಾಗೆ ಹೇಳುತ್ತೇನೆ.

ಮೊದಲು ಯಾರು ಯಾರೆಂದು ತಿಳಿಸಿಬಿಡಬೇಕು. ನೀವು ನನ್ನನ್ನು ತಾತ ಎನ್ನುತ್ತೀರಿ. ನನ್ನ ಮೀಸೆಯಲ್ಲಿ ಹುಡುಕಿದರೆ ಬಿಳಿ ಕೂದಲು ಸಿಗುತ್ತದೆ, ಅಷ್ಟೆ. ಆದರೆ ನಿಮ್ಮ ಅಜ್ಜಿ ನನ್ನ ಅಕ್ಕ, ನನಗಿಂತ ಬಹಳ ದೊಡ್ಡವಳು. ಅಕ್ಕನ ಮೊಮ್ಮಕ್ಕಳಿಗೆ ನಾನು ತಾತನಾಗದೆ ಬೇರೆ ದಾರಿಯಿಲ್ಲ. ಹಾಗಾಗಿ ನಾನು ಇಲ್ಲಿ ಅಕ್ಕ ಎಂದರೆ ಅದು ನಿಮ್ಮ ಅಜ್ಜಿ. ಅಜ್ಜಿ ಎಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಅವ್ವ ಎಂದರೆ ನನ್ನನ್ನು ಹೆತ್ತವಳು. ಇನ್ನೊಂದು ಕೂಸು ಬರುತ್ತದೆ. ಅದು ನಿಮ್ಮ ಅಮ್ಮ. ಹೌದು, ಈಗ ನಿಮ್ಮನ್ನು ಗದರಿಸಿ ಎಬ್ಬಿಸುವ ಅವಳೇ ಆಗ ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ ಇದ್ದಳು.

ನಮ್ಮ ಊರು ಹನಗೋಡಿನ ಹತ್ತಿರ. ಲಕ್ಷ್ಮಣತೀರ್ಥ ಹೊಳೆಯ ಗಾಳಿ ನೇರವಾಗಿ ಮನೆಗೆ ಬಡಿಯುತ್ತಿತ್ತು. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಹಸಿ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ, ಎತ್ತರದ, ಕಿಟಕಿಯಿಲ್ಲದ ಕಟ್ಟಡಕ್ಕೆ ಬ್ಯಾರನ್ ಮನೆ ಎನ್ನುತ್ತಿದ್ದೆವು. ಮಳೆಗಾಲದಿಂದ ಶುರುವಾದ ಆ ಕೆಲಸ ಚಳಿಗಾಲದ ಹೊತ್ತಿಗೆ ಮುಗಿಯುತ್ತಿತ್ತು. ಆಮೇಲೆ ಬ್ಯಾರನ್ ತಣ್ಣಗೆ ಖಾಲಿ ನಿಂತಿರುತ್ತಿತ್ತು. ಒಳಗೆ ತಲೆ ಹಾಕಿದರೆ ಜೇನಿಗೂ ಬೆಲ್ಲಕ್ಕೂ ನಡುವಿನಂಥ ಒಂದು ಕಮಟು ವಾಸನೆ. ಹೊರಗಿನ ಜಗುಲಿಗೆ ಮಾತ್ರ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು, ಹೊಳೆಯ ಗಾಳಿಯನ್ನು ಗೋಡೆ ತಡೆಯುತ್ತಿತ್ತು. ಚಳಿಗಾಲದಲ್ಲಿ ನಮ್ಮ ಸಂಸಾರವೆಲ್ಲ ಆ ಜಗುಲಿಯ ಮೇಲೇ. ಅಜ್ಜಿ ಅವರೆಕಾಯಿ ಸುಲಿಯುವುದು ಅಲ್ಲಿ, ನಾನು ಮಗ್ಗಿ ಬಾಯಿಪಾಠ ಮಾಡುವುದು ಅಲ್ಲಿ, ನಾಯಿ ಸುರುಳಿ ಸುತ್ತಿ ಮಲಗುವುದೂ ಅಲ್ಲಿ.

ಆ ಚಳಿಗಾಲ ಅಕ್ಕ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಬರುವಾಗ ಒಂದು ಬಟ್ಟೆಚೀಲದಲ್ಲಿ ಉಲ್ಲನ್ ಉಂಡೆಗಳನ್ನೂ ನಾಲ್ಕು ಸಣ್ಣ ಬಿದಿರು ಕಡ್ಡಿಗಳನ್ನೂ ತಂದಿದ್ದಳು. ಅವಳನ್ನು ಕೊಟ್ಟ ಊರು ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿಗೆ ಅಂಟಿಕೊಂಡಂತಿತ್ತು. ಬೇಲಿಯಾಚೆಯ ಮನೆಯ ಟಿಬೆಟಿಯನ್ ಹೆಂಗಸೊಬ್ಬರು ಅವಳಿಗೆ ಹೆಣೆಯುವುದನ್ನು ಕಲಿಸಿದ್ದರು. ಉಲ್ಲನ್ ಅಲ್ಲಿನ ಸನ್ಯಾಸಿಗಳ ಬಟ್ಟೆಯ ಬಣ್ಣದ್ದು, ಕೆಂಪೂ ಅಲ್ಲ ಕಂದೂ ಅಲ್ಲ. ಅಕ್ಕ ಆ ಹೆಂಗಸನ್ನು ‘ಅಮಾಲಾ’ ಎಂದು ಕರೆಯುತ್ತಿದ್ದಳು. ಮೊದಲ ದಿನ ಅದನ್ನು ಕೇಳಿದ ಅಜ್ಜಿ ಸುಲಿಯುತ್ತಿದ್ದ ಅವರೆಕಾಯಿ ಕೆಳಗಿಟ್ಟಳು.

“ಅಲ್ಲ ಕಣೇ, ನಿಮ್ಮತ್ತೆ ವಯಸ್ನೋರ್ನ ‘ಲಾ’ ಅಂತೀಯಲ್ಲ, ನಾಚ್ಕೆ ಆಗಾಕಿಲ್ವಾ? ದನ ಮೇಯ್ಸೋ ಐಕ್ಳಾ ಅವ್ರು?”

“ಅಜ್ಜೀ, ಅವ್ರ ಭಾಷೇಲಿ ಲಾ ಅಂದ್ರೆ ಮರ್ವಾದೆ ಕಣಜ್ಜಿ. ದೊಡ್ಡೋರಿಗೇ ಅನ್ನೋದು.”

ಅಜ್ಜಿ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಏನ್ಲಾ, ನಿಂಗೆ ಇಷ್ಟು ದಿನ ಮರ್ವಾದೆ ಕೊಟ್ಟೇ ಕರೀತಿದ್ದೆ ನೋಡು” ಎಂದಳು.

ಅಕ್ಕ ಹೆಣೆಯಲು ಕುಳಿತರೆ ನನಗೆ ಬೇರೆ ಕೆಲಸ ಬೇಡವಾಗುತ್ತಿತ್ತು. ಕಡ್ಡಿಗೆ ಕಡ್ಡಿ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಒಂದು ಕುಣಿಕೆಯ ಹೊಟ್ಟೆಯಿಂದ ಇನ್ನೊಂದು ಕುಣಿಕೆ ಹುಟ್ಟಿ ಬರುತ್ತಿತ್ತು. ಮೂರು ಕಡ್ಡಿಗಳನ್ನು ಮುಕ್ಕೋನವಾಗಿ ಹಿಡಿದು ನಾಲ್ಕನೆಯದರಿಂದ ಸುತ್ತಲೂ ಹೆಣೆದರೆ ಹೊಲಿಗೆಯೇ ಇಲ್ಲದ ಕೊಳವೆಯಂಥ ಬಟ್ಟೆ ಇಳಿಯುತ್ತಿತ್ತು. ಅವಳು ಮೊದಲು ಶುರು ಮಾಡಿದ್ದು ತೀರಾ ಪುಟ್ಟದೊಂದು ತೋಳು, ನನ್ನ ಎರಡು ಬೆರಳು ತೂರುವಷ್ಟು. ಅಜ್ಜಿಯ ಕಣ್ಣಿಗೆ ಅದು ಬಿತ್ತು.

“ಯಾರಿಗೇ ಅದು?”

ನಮ್ಮ ಮನೆಯಲ್ಲಿ ಹುಟ್ಟದ ಮಗುವಿಗೆ ಹೊಸ ಬಟ್ಟೆ ಮಾಡಿಡುವ ಹಾಗಿರಲಿಲ್ಲ. ಹುಟ್ಟಿದ ಮೇಲೂ ಹೆಸರಿಡುವ ದಿನದವರೆಗೆ ಮನೆಯವರು ಉಟ್ಟು ಮೆತ್ತಗಾದ ಬಟ್ಟೆಯನ್ನೇ ಹಾಕಬೇಕು. ಅಜ್ಜಿ ಇದನ್ನು ಎಂದೂ ಸಡಿಲಿಸಿದವಳಲ್ಲ. ಬಹಳ ಹಿಂದೆ ಅವಳು ತನ್ನ ಮೊದಲ ಕೂಸಿಗೆ ಮುಂಚೆಯೇ ಅಂಗಿ ಹೊಲಿದಿಟ್ಟಿದ್ದಳಂತೆ, ಅದನ್ನು ತೊಡಲು ಆ ಕೂಸು ಉಳಿಯಲಿಲ್ಲವಂತೆ. ಇದನ್ನು ನಾನು ಆಮೇಲೆ ಅವ್ವನಿಂದ ಕೇಳಿದ್ದು, ಕಂಡದ್ದಲ್ಲ.

ಅಕ್ಕ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟಳು. “ಇದಾ? ಇದು ತಮ್ಮಂಗೆ ಕಣಜ್ಜಿ.”

ಅಜ್ಜಿ ನನ್ನ ಕೈ ಹಿಡಿದೆಳೆದು ಆ ಪುಟ್ಟ ತೋಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ನೋಡಿದಳು. “ಹೂಂ. ಎಬ್ಬೆಟ್ಟಿಗೆ ಸರ್ಯಾಯ್ತದೆ. ಇನ್ನ ಮಿಕ್ಕಿದ್ ಬೆರಳ್ಗೆಲ್ಲಾ ಯಾವಾಗ ಹಾಕ್ತೀಯ?”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಕ್ಕನ ಮುಖ ಕೆಂಪಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ಅವಳು ಅದನ್ನು ಬಿಚ್ಚಿ, ನನ್ನ ಎದೆ, ಬೆನ್ನು, ತೋಳುಗಳನ್ನು ದಾರದಲ್ಲಿ ಅಳೆದು, ನಿಜವಾಗಿಯೂ ನನಗೊಂದು ಸ್ವೆಟರ್ ಶುರು ಮಾಡಿದಳು. ನನಗೆ ಸ್ವೆಟರ್ ಸಿಕ್ಕಿದ್ದು ಹೀಗೆ, ಒಂದು ಸುಳ್ಳಿನಿಂದ. ಅಲ್ಲಿಯವರೆಗೆ ನಾನು ಚಳಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕಿವಿಗೆ ಅಪ್ಪನ ಟವೆಲ್ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಆ ದಿನಗಳಲ್ಲಿ ಮನೆಯವರೆಲ್ಲ ಚಳಿ ಮುಗಿಯುವುದನ್ನೇ ಕಾಯುತ್ತಿದ್ದರು. ಅಜ್ಜಿಗೆ ಮಂಡಿ ನೋವು, ಬಿಸಿಲು ಬೇಕಾಗಿತ್ತು. ಅಪ್ಪನಿಗೆ ಹೊಗೆಸೊಪ್ಪಿನ ಸಸಿಮಡಿ ಮಾಡಬೇಕಿತ್ತು. ಅಕ್ಕನ ಕೂಸು ಯುಗಾದಿಯ ಆಸುಪಾಸಿಗೆ ಎಂದು ಲೆಕ್ಕ ಹಾಕಿದ್ದರು. ಬ್ಯಾರನ್ ಮುಂದೆ ಒಂದು ಹೊಂಗೆ ಮರ ಇತ್ತು. ಎಲೆಯೆಲ್ಲ ಉದುರಿ ಬೋಳಾಗಿತ್ತು. “ಹೊಂಗೆ ಚಿಗುರ್ಲಿ, ಕೂಸು ಬತ್ತದೆ” ಎಂದು ಅಜ್ಜಿ ದಿನಾ ಅಕ್ಕನಿಗೆ ಹೇಳುತ್ತಿದ್ದಳು. ನಾನೊಬ್ಬ ಮಾತ್ರ ಬೆಳಿಗ್ಗೆ ಎದ್ದು ಆ ಮರದ ಕೆಳಗೆ ನಿಂತು, ಇವತ್ತೂ ಚಿಗುರಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಮಾಧಾನವಾಗಿ ಹಲ್ಲುಜ್ಜುತ್ತಿದ್ದೆ. ಚಿಗುರಿದರೆ ಚಳಿ ಹೋಗುತ್ತದೆ. ಚಳಿ ಹೋದರೆ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋದವನನ್ನು ಯಾರು ನೋಡುತ್ತಾರೆ?

ಅಕ್ಕನ ಹೊಟ್ಟೆ ದೊಡ್ಡದಾದಂತೆ ಕೈ ನಿಧಾನವಾಯಿತು. ಶಿವರಾತ್ರಿಗೆ ಇನ್ನೂ ಒಂದು ವಾರ ಇರುವಾಗಲೇ ಸ್ವೆಟರಿನ ಮೈ ಆಯಿತು, ಭುಜದಿಂದ ಕೆಳಕ್ಕೆ ಎರಡು ತೋಳೂ ಇಳಿದು ಮಣಿಕಟ್ಟು ಮುಟ್ಟಿದವು. ಆಗ ಅಕ್ಕ ಕಡ್ಡಿ ಕೆಳಗಿಟ್ಟುಬಿಟ್ಟಳು. ಅಮಾಲಾ ಶುರು ಮಾಡುವುದನ್ನೂ ಹೆಣೆಯುವುದನ್ನೂ ಕಲಿಸಿದ್ದರು. ಕೊನೆಯಲ್ಲಿ ಕುಣಿಕೆಗಳನ್ನು ಕಡ್ಡಿಯಿಂದ ಇಳಿಸಿ ಬಾಯಿ ಕಟ್ಟುವುದನ್ನು ಕಲಿಯುವ ಮೊದಲೇ ಇವಳು ತವರಿಗೆ ಹೊರಟು ಬಂದಿದ್ದಳು. ಸ್ವೆಟರಿನ ಕತ್ತಿನ ಸುತ್ತ ಹೇಗೋ ಸೂಜಿಯಲ್ಲಿ ಹೊಲಿದು ಭದ್ರ ಮಾಡಿದ್ದಳು. ತೋಳಿನ ಬಾಯನ್ನು ಹಾಗೆ ಹೊಲಿದರೆ ಕೈ ತೂರುತ್ತಿರಲಿಲ್ಲ.

“ಕಡ್ಡಿ ತೆಗುದ್ರೆ ಎಲ್ಲಾ ಬಿಚ್ಕೊಂಬುಡ್ತದೆ ಕಣವ್ವ” ಎಂದಳು.

“ಕಡ್ಡಿಗೆ ಕಟ್ಟೋದ ನಂಗೇ ಏಳ್ಕೊಡ್ತೀಯಾ? ಕೊಡಿಲ್ಲಿ” ಎಂದಳು ಅವ್ವ.

ಇಲ್ಲಿ ನೀವು ಒಂದು ಸಂಗತಿ ತಿಳಿದುಕೊಳ್ಳಬೇಕು. ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸುವ ಮೊದಲು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಎಲೆಗಳನ್ನು ಕಡ್ಡಿಯ ಆ ಕಡೆಗೊಂದು ಹಿಡಿ, ಈ ಕಡೆಗೊಂದು ಹಿಡಿ ಇಟ್ಟು, ದಾರವನ್ನು ಕುಣಿಕೆಯೊಳಗೆ ಕುಣಿಕೆ ತೂರಿಸುತ್ತ ಹೋಗುತ್ತಾರೆ. ಎಲ್ಲಿಯೂ ಗಂಟು ಹಾಕುವುದಿಲ್ಲ. ಎಲೆ ಬೆಂದು ಒಣಗಿದ ಮೇಲೆ ಕಡ್ಡಿಯನ್ನು ಕೆಳಗಿಳಿಸಿ, ದಾರದ ತುದಿ ಹಿಡಿದು ಒಮ್ಮೆ ಎಳೆದರೆ ಸರ್ರೆಂದು ಎಲ್ಲ ಕುಣಿಕೆಗಳೂ ಬಿಚ್ಚಿಕೊಂಡು ಸೊಪ್ಪು ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಕಟ್ಟಿದವಳಿಗೆ ಕಟ್ಟಲು ಬರುವುದಿಲ್ಲ ಎಂದೇ ಅರ್ಥ. ನಮ್ಮ ಅವ್ವ ಕಟ್ಟಿದ ಕಡ್ಡಿ ಒಂದೂ ತಡವರಿಸಿದ್ದಿಲ್ಲ. ಸುತ್ತಲಿನ ಊರುಗಳಲ್ಲಿ ಅವಳ ಕೈಗೆ ಆ ಹೆಸರಿತ್ತು.

ಅದೇ ಕೈಯಲ್ಲಿ ಅವಳು ಸ್ವೆಟರಿನ ತೋಳುಗಳನ್ನು ಕಟ್ಟಿದಳು. ಕುಣಿಕೆಯೊಳಗೆ ಕುಣಿಕೆ ತೂರಿಸಿ, ಕೊನೆಯದನ್ನು ಒಳಕ್ಕೆ ಸಿಕ್ಕಿಸಿದಳು. ಅಂಚು ಅಂಗಡಿಯದರ ಹಾಗೆ ಚೆನ್ನಾಗಿ ಬಂತು. ಎಡಗೈ ಕಡೆ ಮಿಕ್ಕಿದ್ದ ಒಂದು ಗೇಣು ದಾರವನ್ನು ಕತ್ತರಿಸದೆ ಒಳಗೆ ಮಡಚಿಟ್ಟಳು. ಅಕ್ಕ ಖುಷಿಪಟ್ಟಳು, ನಾನು ಕುಣಿದೆ. ಗಂಟು ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆಯುವಂತೆಯೂ ಇರಲಿಲ್ಲ.

ನಾನು ಅದನ್ನು ಹಾಕಿಕೊಂಡು ಶಾಲೆಗೆ ಹೋದೆ, ಹೊಳೆಗೆ ಹೋದೆ, ಹಾಸಿಗೆಗೂ ಹೋದೆ. ಒಗೆಯಲು ಕೊಡಲಿಲ್ಲ. ಅಷ್ಟರಲ್ಲಿ ಕೂಸು ಬಂದೇಬಿಟ್ಟಿತು, ಹೊಂಗೆ ಚಿಗುರುವ ಮೊದಲೇ, ಅಂದುಕೊಂಡದ್ದಕ್ಕಿಂತ ತಿಂಗಳು ಮುಂಚೆ. ಹುಣಸೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅಲ್ಲಿನ ಸಿಸ್ಟರ್ ಹೇಳಿ ಕಳಿಸಿದ್ದು ಅವ್ವನಿಗೆ ಬಾಯಿಪಾಠವಾಗಿತ್ತು: ಕೂಸನ್ನು ಎದೆಗೆ ಒತ್ತಿಕೊಂಡಿರಬೇಕು, ತಲೆ ಬೆಚ್ಚಗಿರಬೇಕು, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ಕೂಡಲೇ ಕರೆತರಬೇಕು. ಅಪ್ಪ ಪೇಟೆಯಿಂದ ಒಂದು ಟೋಪಿ ತಂದಿದ್ದರು. ಅಜ್ಜಿ ಅದನ್ನು ಮೊಳೆಗೆ ನೇತುಹಾಕಿ, “ಎಸ್ರಿಡೋ ದಿನ ಆಕನ” ಎಂದುಬಿಟ್ಟಳು. ಕೂಸಿನ ತಲೆಗೆ ಅವಳ ಹಳೆಯ ಸೀರೆಯ ತುಂಡು ಸುತ್ತಿದರು. ಆ ತಲೆ ನಿಂಬೆಹಣ್ಣಿಗಿಂತ ದೊಡ್ಡದು, ತೆಂಗಿನಕಾಯಿಗಿಂತ ಬಹಳ ಚಿಕ್ಕದು. ಸುತ್ತಿದ ಬಟ್ಟೆ ನಿಲ್ಲುತ್ತಿರಲಿಲ್ಲ, ಜಾರಿ ಜಾರಿ ಕುತ್ತಿಗೆಗೆ ಬರುತ್ತಿತ್ತು.

ಈಗ ಆ ಬೆಳಿಗ್ಗೆಗೆ ಬರುತ್ತೇನೆ. ಶಿವರಾತ್ರಿ ಕಳೆದರೂ ಆ ವರ್ಷ ಚಳಿ ಹೋಗಿರಲಿಲ್ಲ. ಎದ್ದಾಗ ಹೊಳೆಯ ಮೇಲಿನ ಮಂಜು ಹಿತ್ತಿಲವರೆಗೂ ಬಂದು ನಿಂತಿತ್ತು. ಅಕ್ಕ ಕೂಸನ್ನು ಎತ್ತಿಕೊಂಡು ಬ್ಯಾರನ್ ಜಗುಲಿಯ ಬಿಸಿಲಿಗೆ ಬಂದು ಕುಳಿತಳು. ಅವಳ ಮುಖ ನೋಡಿದರೆ ಅತ್ತಂತೆ ಕಾಣುತ್ತಿತ್ತು. ಕೂಸು ನಸುಕಿನಿಂದ ಹಾಲು ಹಿಡಿದಿರಲಿಲ್ಲ. ನಾನು ಅದರ ಪಾದ ಮುಟ್ಟಿದೆ. ಹೊಳೆಯಿಂದ ಆಗಷ್ಟೇ ಎತ್ತಿದ ಬೆಣಚುಕಲ್ಲಿನಷ್ಟು ತಣ್ಣಗಿತ್ತು. ಅದು ಅಳಲಿಲ್ಲ. ಅಳದೆ ಇದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ಅಪ್ಪ ವ್ಯಾನ್ ಗೊತ್ತು ಮಾಡಿಕೊಂಡು ಬರಲು ಸೈಕಲ್ ಹತ್ತಿ ಹನಗೋಡಿಗೆ ಹೋದರು. ಹಿಂದಿರುಗಲು ಎಷ್ಟು ಹೊತ್ತಾಗುವುದೋ ಯಾರಿಗೂ ಗೊತ್ತಿರಲಿಲ್ಲ. ಅವ್ವ ಕೆಂಡ ತುಂಬಿದ ಅಗ್ಗಿಷ್ಟಿಕೆ ತಂದು ಹತ್ತಿರ ಇಟ್ಟಳು. ಅಕ್ಕ ಎದ್ದುಹೋಗಿ ಮೊಳೆಯ ಮೇಲಿನ ಟೋಪಿಯನ್ನು ತೆಗೆದುಕೊಂಡು ಬಂದಳು.

“ಅಜ್ಜೀ, ನೀನೇನಾರ ಅನ್ಕೊ. ನಾ ಹಾಕ್ತೀನಿ.”

ಅಜ್ಜಿ ಅಗ್ಗಿಷ್ಟಿಕೆಯ ಕೆಂಡ ಕೆದಕಿದಳು. ಅಕ್ಕ ಹಾಕಿದಳು. ಟೋಪಿ ಕೂಸಿನ ಹಣೆ, ಕಣ್ಣು, ಮೂಗು ಎಲ್ಲ ದಾಟಿ ಗಲ್ಲದವರೆಗೆ ಬಂತು. ಅಷ್ಟು ಚಿಕ್ಕ ತಲೆಗೆ ಯಾವ ಅಂಗಡಿಯವನೂ ಟೋಪಿ ಮಾಡುವುದಿಲ್ಲ. ಅಕ್ಕ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, “ಒಂದ್ ಉಂಡೆ ಉಲ್ಲನ್ನಾದ್ರೂ ಉಳ್ಸ್ಕೊಂಡಿದ್ರೆ ಈಗ್ಲೇ ಹಾಕ್ಬೋದಿತ್ತು” ಎಂದಳು. ಉಲ್ಲನ್ ಎಲ್ಲ ನನ್ನ ಮೈಮೇಲಿತ್ತು.

ನಾನು ಬ್ಯಾರನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವ್ವ ನನ್ನ ಪಕ್ಕದಲ್ಲಿದ್ದಳು. ಅವಳ ಕಣ್ಣು ಕೂಸಿನ ಮೇಲಿತ್ತು, ಕೈ ತನ್ನಷ್ಟಕ್ಕೆ ನನ್ನ ಕೈ ಹಿಡಿದುಕೊಂಡಿತ್ತು. ನನ್ನ ಎಡ ಮಣಿಕಟ್ಟಿನಲ್ಲಿ ಆ ಗೇಣು ದಾರ ಮಡಿಕೆ ಬಿಟ್ಟು ಹೊರಗೆ ಇಳಿದು ನೇತಾಡುತ್ತಿತ್ತು. ನಾನು ನೋಡುತ್ತಲೇ ಇದ್ದೆ. ಅವ್ವನ ಬೆರಳು ಆ ದಾರಕ್ಕೆ ತಾಗಿತು. ಎಷ್ಟೋ ವರ್ಷ ಕಡ್ಡಿಯಿಂದ ನೇತಾಡುವ ದಾರದ ತುದಿ ಕಂಡರೆ ಎಳೆದು ಅಭ್ಯಾಸವಾದ ಬೆರಳುಗಳು. ಅವು ಹಿಡಿದು ಎಳೆದವು.

ಸರ್ರ್ ಎಂದಿತು.

ನನ್ನ ಮಣಿಕಟ್ಟಿನ ಸುತ್ತ ಏನೋ ಓಡಿದ ಹಾಗಾಯಿತು, ಇರುವೆ ಸಾಲಿನಂತೆ. ಅಂಚು ಹೋಯಿತು. ಅವ್ವನ ಕೈ ನಿಲ್ಲಲಿಲ್ಲ, ಎರಡನೇ ಸಲ, ಮೂರನೇ ಸಲ ಎಳೆಯಿತು. ಬಟ್ಟೆ ಸುತ್ತು ಸುತ್ತಾಗಿ ಮೇಲೇರಿತು, ನನ್ನ ಚರ್ಮ ಗಾಳಿಗೆ ಬಂತು. ನೆಲದ ಮೇಲೆ ಗುಂಗುರು ಗುಂಗುರಾಗಿ ಉಲ್ಲನ್ ಬಿತ್ತು, ಒತ್ತಿದ ಶಾವಿಗೆ ಬಿದ್ದ ಹಾಗೆ. ಮೊಣಕೈವರೆಗೆ ತೋಳು ಮಾಯವಾದ ಮೇಲೆಯೇ ಅವ್ವ ತಿರುಗಿ ನೋಡಿದ್ದು.

“ಅಯ್ಯಯ್ಯೋ, ಸಿವ್ನೇ!” ಎಂದು ದಾರ ಬಿಟ್ಟಳು.

ಚಳಿಗಾಲವಿಡೀ ಕಾದ ಸ್ವೆಟರ್ ನನ್ನ ಕಾಲ ಬಳಿ ರಾಶಿ ಬಿದ್ದಿತ್ತು. ಆಗ ಅಜ್ಜಿ ಬಗ್ಗಿ ಆ ಗುಂಗುರು ದಾರವನ್ನು ಎತ್ತಿಕೊಂಡಳು. ಕೆನ್ನೆಗೆ ಒತ್ತಿ ನೋಡಿದಳು. ಮೂಸಿ ನೋಡಿದಳು. ಮುಖ ಕಿವುಚಿದಳು.

“ಬೆವ್ರು ನಾತ. ಒಗೇದೆ ಎಷ್ಟ್ ದಿನ ಆಕ್ಕಂಡಿದ್ದೀಯೋ ಏನೋ. ಇದು ಅಳೇದಾಯ್ತು ಕಣೇ!”

ಅಕ್ಕನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ.

“ಮನೇ ಮೊಗ ತೊಟ್ಟಿದ್ದು. ಅಳೇ ಬಟ್ಟೆ. ಕುಲಾವಿ ಆಕು, ಯಾರ್ ಬ್ಯಾಡ ಅಂತಾರೆ? ಕೂಸ್ನ ಇಲ್ಲಿ ಕೊಡು, ಕಡ್ಡಿ ತಕಾ.”

ಕುಲಾವಿ ಎಂದರೆ ಕೂಸಿನ ಕಿವಿ ಮುಚ್ಚುವ ಟೋಪಿ. ಅಜ್ಜಿ ಕೂಸನ್ನು ಕುಪ್ಪಸದೊಳಗೆ ತನ್ನ ಎದೆಗೆ ಅಂಟಿಸಿಕೊಂಡು ಮೇಲೆ ಕಂಬಳಿ ಹೊದ್ದಳು. ಕಂಬಳಿಯಿಂದ ಹೊರಗೆ ಅವಳ ಮೂಗು ಮಾತ್ರ ಕಾಣುತ್ತಿತ್ತು. ಅಕ್ಕ ನಾಲ್ಕು ಕಡ್ಡಿ ಹಿಡಿದಳು, ಆಮೇಲೆ ನನ್ನನ್ನು ನೋಡಿ ನಿಲ್ಲಿಸಿದಳು.

“ಲೋ, ನಿನ್ ಸ್ವೆಟ್ರು ಕಣೋ. ಬಿಚ್ಲಾ?”

ನಾನು ಕೈಯನ್ನು ಮುಂದಕ್ಕೆ ಚಾಚಿದೆ. ದಾರ ಸಲೀಸಾಗಿ ಬರಲೆಂದು ತೋಳನ್ನು ಅತ್ತ ಇತ್ತ ತಿರುಗಿಸುತ್ತಾ ಹೋದೆ.

ಮೊದಲು ನೆಲದ ಮೇಲಿದ್ದ ರಾಶಿ ಮುಗಿಯಿತು. ಆಮೇಲೆ ದಾರ ನೇರವಾಗಿ ನನ್ನ ತೋಳಿನಿಂದ ಅಕ್ಕನ ಕಡ್ಡಿಗೆ ಹೋಗತೊಡಗಿತು. ನಡುವೆ ಅವ್ವ ನಿಂತು, ತೊಡರದಂತೆ ಬೆರಳ ಸಂದಿಯಲ್ಲಿ ಹಾಯಿಸುತ್ತಿದ್ದಳು. ನನ್ನ ತೋಳು ಒಂದು ಸುತ್ತು ಕಡಿಮೆಯಾದರೆ ಅಲ್ಲಿ ಕುಲಾವಿ ಒಂದು ಸುತ್ತು ಬೆಳೆಯುತ್ತಿತ್ತು. ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ನಡುನಡುವೆ ಅಕ್ಕ ತಲೆಯೆತ್ತಿ, “ಅಜ್ಜೀ, ಉಸ್ರಾಡ್ತದಾ?” ಎನ್ನುವಳು. ಕಂಬಳಿಯೊಳಗಿಂದ, “ಆಡ್ತಾ ಅದೆ, ನೀ ಕೈ ಆಡ್ಸು” ಎಂದು ಉತ್ತರ ಬರುವುದು. ನಾನು ಹೊಂಗೆ ಮರವನ್ನು ನೋಡುತ್ತ ನಿಂತಿದ್ದೆ. ಜೀವನದಲ್ಲಿ ಮೊದಲ ಸಲ, ಬೇಗ ಚಿಗುರಪ್ಪಾ ಎಂದುಕೊಂಡೆ.

ಬಿಸಿಲು ಜಗುಲಿಯ ಅಂಚಿನಿಂದ ನನ್ನ ಪಾದಕ್ಕೆ ಬಂತು, ಪಾದದಿಂದ ಮಂಡಿಗೆ ಬಂತು. ಭುಜದ ಹತ್ತಿರ ತೋಳು ಮುಗಿಯುತ್ತಿದ್ದಂತೆ ಅಕ್ಕ, “ಸಾಕು” ಎಂದಳು. ಕುಲಾವಿಯ ನೆತ್ತಿಯಲ್ಲಿ ಕುಣಿಕೆಗಳು ಉಳಿದಿದ್ದವು. ಅವ್ವ ದಾರವನ್ನು ಅವುಗಳಲ್ಲಿ ತೂರಿಸಿ, ಚೀಲದ ಬಾಯಿಯಂತೆ ಬಿಗಿದಳು.

“ತಾಯಿ, ಈ ಸಲನಾದ್ರೂ ಗಂಟು ಹಾಕು. ಕೂಸಿನ್ ತಲೆ ಸೊಪ್ಪಲ್ಲ” ಎಂದಳು ಅಜ್ಜಿ.

ಆಗ ಎಲ್ಲರೂ ನಕ್ಕೆವು. ಅಕ್ಕ ಅಳುತ್ತಲೇ ನಕ್ಕಳು. ಅವ್ವ ಒಂದಲ್ಲ, ಗಂಟಿನ ಮೇಲೆ ಗಂಟು ಹಾಕಿದಳು. ಆಮೇಲೆ ನನ್ನ ಬಲಗೈ ಹಿಡಿದೆಳೆದು ಆ ತೋಳಿನ ತುದಿಗೂ ಗಟ್ಟಿ ಗಂಟು ಬಿಗಿದಳು.

ಕುಲಾವಿ ಕೂಸಿನ ತಲೆಗೆ ಅಂಟಿ ಕುಳಿತಿತು. ಹೆಣೆದ ಬಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ, ಜಾರುವುದಿಲ್ಲ. ಅಜ್ಜಿ ಮತ್ತೆ ಕೂಸನ್ನು ಕಂಬಳಿಯೊಳಗೆ ಎಳೆದುಕೊಂಡಳು. ಎಷ್ಟು ಹೊತ್ತು ಕಳೆಯಿತೆಂದು ಹೇಳಲಾರೆ. ಅವ್ವ ಅಗ್ಗಿಷ್ಟಿಕೆಗೆ ಕೆಂಡ ತರಲು ಹೋಗಿ ಬಂದಿದ್ದಳು, ಅಷ್ಟು ಹೊತ್ತು. ಕಂಬಳಿಯೊಳಗಿಂದ ಬೆಕ್ಕಿನ ಮರಿಯಂತೆ ಒಂದು ಸದ್ದು ಬಂತು. ಇನ್ನೊಂದು ಸಲ ಬಂತು, ಈ ಸಲ ಸಿಟ್ಟಿನಿಂದ. ಅಜ್ಜಿ ಬೆಚ್ಚಿಬಿದ್ದು, “ತಕಳವ್ವ ನಿನ್ ಮಗ್ಳ! ಒಣಗಿದ್ ಎದೇಲಿ ಹಾಲ್ ಉಡುಕ್ತಾವ್ಳೆ!” ಎಂದಳು. ಅಕ್ಕ ಕೂಸನ್ನು ಇಸಿದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ನಾವೆಲ್ಲ ಅವಳ ಬೆನ್ನನ್ನೇ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಆ ಬೆನ್ನು ಸಡಿಲವಾಯಿತು. ಅವಳು ತಿರುಗಲಿಲ್ಲ. “ಕುಡೀತಾವ್ಳೆ” ಎಂದಳು, ಅಷ್ಟೆ.

ಅಪ್ಪ ವ್ಯಾನ್ ತಂದರು. ಕೂಸು ಕುಡಿದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಸಿಸ್ಟರ್ ಪರೀಕ್ಷೆ ಮಾಡಿ, ಮಗು ಚೆನ್ನಾಗಿದೆ ಎಂದು ಹೇಳಿ, ಕುಲಾವಿಯನ್ನು ಮುಟ್ಟಿ ಮುಟ್ಟಿ ನೋಡಿದರಂತೆ.

ಮಾರನೆಯ ವಾರ ನಾನು ಒಂದೇ ತೋಳಿನ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋದೆ. “ಏನ್ಲಾ, ನಿಂಗೆ ಅರ್ಧ ಮೈಗೇ ಚಳಿಯಾ?” ಎಂದ ನನ್ನ ಪಕ್ಕ ಕೂರುವವನು. “ಇನ್ನರ್ಧ ನಮ್ಮಕ್ಕನ ಮಗ್ಳಿಗೆ ಕೊಟ್ಟಿವ್ನಿ ಕಣ್ಲಾ” ಎಂದೆ. ಎಲ್ಲ ಹುಡುಗರೂ ಸರದಿಯ ಮೇಲೆ ಆ ಬರಿಗೈಯನ್ನು ಮುಟ್ಟಿ ನೋಡಿದರು. ಎರಡು ತೋಳು ಇದ್ದಿದ್ದರೆ ಅಷ್ಟು ಜನ ನೋಡುತ್ತಿರಲಿಲ್ಲ. ಹೊಂಗೆ ಚಿಗುರಿದ್ದು ಯಾವ ದಿನವೋ ನನಗೆ ಗೊತ್ತಿಲ್ಲ. ನೋಡುವುದನ್ನು ಬಿಟ್ಟಿದ್ದೆ. ಒಂದು ದಿನ ಸ್ವೆಟರ್ ಒಳಗೆ ಬೆವರಿದಾಗ ತಲೆಯೆತ್ತಿದೆ, ಮರದ ತುಂಬ ಎಣ್ಣೆ ಹಚ್ಚಿದಂಥ ಎಳೆಯ ಎಲೆ.

ಹೆಸರಿಡುವ ದಿನ ಬೈಲಕುಪ್ಪೆಯಿಂದ ಅಕ್ಕನ ಅತ್ತೆಯ ಜೊತೆ ಅಮಾಲಾ ಕೂಡ ಬಂದರು. ಅವ್ವ ಬ್ಯಾರನ್ನಿನಿಂದ ಒಂದು ಕಡ್ಡಿ ತಂದು, ಸೊಪ್ಪಿನ ಬದಲು ಹೊಂಗೆ ಎಲೆ ಕಟ್ಟಿ, ದಾರ ಎಳೆದು ತೋರಿಸಿದಳು. ಎಲೆಗಳು ಸರ್ರೆಂದು ಉದುರಿದವು. ಅಮಾಲಾ ಚಪ್ಪಾಳೆ ತಟ್ಟಿ ನಕ್ಕು, ಆಮೇಲೆ ಅವ್ವನ ಕೈ ಹಿಡಿದು ಕೊನೆಯ ಕುಣಿಕೆಯನ್ನು ಭದ್ರ ಮಾಡುವುದು ಹೇಗೆಂದು ತೋರಿಸಿದರು. ಅವರು ಹೊರಟಾಗ ಅಜ್ಜಿ ಬಾಗಿಲವರೆಗೂ ಬಂದು, ಬಹಳ ಗಂಭೀರವಾಗಿ, “ಓಗ್ ಬನ್ನಿ, ಅಮಾಲಾ” ಎಂದಳು.

ಈಗ ನಿಮ್ಮ ಬೀರುವಿನಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ಸ್ವೆಟರ್ ಇವೆ. ಜಿಪ್ ಇರುವುದು, ಟೋಪಿ ಅಂಟಿಕೊಂಡಿರುವುದು, ಎದೆಯ ಮೇಲೆ ಕರಡಿ ಇರುವುದು. ಚಳಿ ಬಂದರೆ ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೇ ಬರುತ್ತವೆ. ಯಾರು ಹೆಣೆದರೋ, ಯಾರಿಗಾಗಿ ಹೆಣೆಯುತ್ತಿದ್ದೇವೆಂದು ಅವರಿಗೂ ಗೊತ್ತಿರುವುದಿಲ್ಲ. ಬೆಚ್ಚಗಿರುತ್ತವೆ, ಅದು ಒಳ್ಳೆಯದೇ. ಅವು ಬಿಚ್ಚುವುದಿಲ್ಲ. ಕಳೆದ ಸಲ ಬಂದಾಗ ನಾನು ಒಂದರ ದಾರ ಎಳೆದು ನೋಡಿದೆ, ನಿಮ್ಮ ಅಮ್ಮನಿಂದ ಬೈಸಿಕೊಂಡೆ. ನಿಮಗೆ ಚಳಿ ಹೋಗಲಿ, ಹೋಗದಿರಲಿ ಎಂದು ಕಾಯುವ ಕೆಲಸವೂ ಇಲ್ಲ. ಆದರೂ ಮುಂದಿನ ಮಾಘದಲ್ಲಿ ಬನ್ನಿ. ಬ್ಯಾರನ್ ಜಗುಲಿಯ ಮೇಲೆ ಬಿಸಿಲು ಈಗಲೂ ಅದೇ ಜಾಗಕ್ಕೆ ಬೀಳುತ್ತದೆ. ನಾನು ನಿಂತಿದ್ದ ಕಡೆ ನಿಮ್ಮನ್ನು ನಿಲ್ಲಿಸಿ ತೋರಿಸುತ್ತೇನೆ.

ನನ್ನ ಮಾತು ನಂಬದಿದ್ದರೆ ಕೇಳಲು ಜನ ಇದ್ದಾರೆ. ಅಜ್ಜಿ ಈಗಿಲ್ಲ. ಅಪ್ಪ ಇದ್ದಾರೆ, ಕಂಡವರಂತೆಯೇ ಕಥೆ ಹೇಳುತ್ತಾರೆ. ಆದರೆ ಅವರು ಆಗ ಹನಗೋಡಿನ ದಾರಿಯಲ್ಲಿದ್ದರು, ಅದನ್ನು ನೆನಪಿಡಿ. ಅವ್ವ ಇದ್ದಾಳೆ. ದಾರ ಎಳೆದದ್ದು ತಾನಲ್ಲ, ಅದಾಗಿಯೇ ಬಿಚ್ಚಿಕೊಂಡಿತು ಎಂದು ಇಂದಿಗೂ ವಾದಿಸುತ್ತಾಳೆ. ಅಕ್ಕ, ಅಂದರೆ ನಿಮ್ಮ ಅಜ್ಜಿ, ಎಲ್ಲವನ್ನೂ ಕಂಡಿದ್ದಾಳೆ. ನಿಮ್ಮ ಅಮ್ಮನೂ ಅಲ್ಲೇ ಇದ್ದಳು, ಎಲ್ಲರಿಗಿಂತ ಹತ್ತಿರದಲ್ಲಿ. ಆದರೆ ಅವಳು ಕಣ್ಣು ಬಿಟ್ಟಾಗ ನನ್ನ ತೋಳು ಆಗಲೇ ಅವಳ ತಲೆಯ ಮೇಲಿತ್ತು.